ಸಮಿತಿ ಕೇಳಿಸಿಕೊಂಡಿತು, ಆಮೇಲೆ?

ಪ್ರತಿ ಭಾನುವಾರ ಲೀಡ್ಸ್‌ನಿಂದ ಬೆಂಗಳೂರಿಗೆ ಫೋನ್ ಮಾಡ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಅಮ್ಮ ಕೇಳಿದ್ರು: "ಒಂದಿದ್ದ ಪಾಲಿಕೆ ಐದಾಯ್ತಂತೆ. ನಮ್ಮ ಮನೆ ಯಾವುದಕ್ಕೆ ಸೇರುತ್ತೆ? ನಮ್ಮ ಕಾರ್ಪೊರೇಟರ್ ಯಾರೋ?" ಮೊದಲ ಪ್ರಶ್ನೆಗೆ ನಕಾಶೆ ನೋಡಿ ಉತ್ತರ ಹೇಳಿದೆ. ಎರಡನೆಯದಕ್ಕೆ ಉತ್ತರವೇ ಇರಲಿಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಆಗ ಗೆದ್ದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದಿತ್ತು.

ಹಾಗಾದರೆ ಊರನ್ನ ಐದು ಮಾಡಿದ ಕಾನೂನು ಹೇಗೆ ಬಂತು? ನಿಮ್ಮಲ್ಲಿ ಹಲವರಿಗೆ ಬೆಂಗಳೂರಿನಲ್ಲಿ ಒಂದು ಮನೆಯೋ ಸೈಟೋ ಇರಬಹುದು, ಇಲ್ಲಾಂದ್ರೆ ವಯಸ್ಸಾದ ಅಪ್ಪ ಅಮ್ಮ ಇರಬಹುದು. ಆದ್ದರಿಂದ ಈ ಕಥೆ ನಿಮ್ಮದೂ ಹೌದು.

ಮೊದಲು ದಾರಿ ತಿಳ್ಕೊಳ್ಳೋಣ. ಕಾನೂನು ಆಗುವ ಮುಂಚಿನ ಕರಡಿಗೆ ಮಸೂದೆ ಅಂತಾರೆ. ಸದನದ ಕಡತಗಳಲ್ಲಿ ಅದೇ ವಿಧೇಯಕ. ಮಂತ್ರಿ ಅದನ್ನ ಸದನದಲ್ಲಿ ಮಂಡಿಸ್ತಾರೆ. ಆಮೇಲೆ ಸದನ ಮನಸ್ಸು ಮಾಡಿದರೆ ಅದನ್ನ ಒಂದು ಪರಿಶೀಲನಾ ಸಮಿತಿಗೆ ಒಪ್ಪಿಸಬಹುದು. ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಕಡೆಯ ಸದಸ್ಯರಿದ್ದರೆ ಅದು ಜಂಟಿ ಸಮಿತಿ. ಸಮಿತಿ ಅಧಿಕಾರಿಗಳನ್ನ, ತಜ್ಞರನ್ನ ಕರೆಸಿ ಕೇಳುತ್ತೆ, ಒಂದೊಂದೇ ಖಂಡ ಓದಿ ತಿದ್ದುಪಡಿ ಸೂಚಿಸಿ ವರದಿ ಕೊಡುತ್ತೆ. ಮಸೂದೆ ಮತ್ತೆ ಸದನಕ್ಕೆ ಬರುತ್ತೆ.

ಇಲ್ಲಿ "ಮನಸ್ಸು ಮಾಡಿದರೆ" ಅನ್ನೋ ಮಾತನ್ನ ಗಮನಿಸಿ. ನನ್ನ ಮೊದಲ ತಕರಾರು ಅದೇ. ಮತಾಂತರದ ಮಸೂದೆಯನ್ನ 2021ರ ಡಿಸೆಂಬರ್ 21ರಂದು ಮಂಡಿಸಿ 23ಕ್ಕೆ ವಿಧಾನಸಭೆಯಲ್ಲಿ ಪಾಸು ಮಾಡಿದರು. ಆಗ ಇದ್ದದ್ದು ಬಿಜೆಪಿ ಸರ್ಕಾರ. ದ್ವೇಷ ಭಾಷಣದ ಮಸೂದೆ 2025ರ ಡಿಸೆಂಬರ್ 10ಕ್ಕೆ ಬಂದು 18ಕ್ಕೆ ಗದ್ದಲದ ನಡುವೆ ವಿಧಾನಸಭೆ ದಾಟಿತು. ಆಗ ಇದ್ದದ್ದು ಕಾಂಗ್ರೆಸ್. ಪಕ್ಷ ಬದಲಾದರೂ ಅವಸರ ಬದಲಾಗಲಿಲ್ಲ.

ಇಷ್ಟರ ನಡುವೆ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಒಳ್ಳೆಯ ಉದಾಹರಣೆಯೇ. ಒಳ್ಳೆಯದು ಅಂತಲೇ ಅದನ್ನ ವಿಮರ್ಶೆಗೆ ಆರಿಸಿಕೊಂಡೆ. 2024ರ ಜುಲೈನಲ್ಲಿ ಮಂಡನೆಯಾದ ಇದನ್ನ ಶಿವಾಜಿನಗರದ ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಕೊಟ್ಟರು. ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತು, 2025ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಪಾಲಿಕೆಗಳು ಏಳಕ್ಕಿಂತ ಹೆಚ್ಚು ಬೇಡ, ಮೇಯರ್‌ಗೆ 30 ತಿಂಗಳ ಅವಧಿ ಇರಲಿ ಅಂದಿತು. ಮಾರ್ಚ್‌ನಲ್ಲಿ ಎರಡೂ ಸದನಗಳು ಒಪ್ಪಿದವು. ಮೇ 15ರಿಂದ ಕಾನೂನು ಜಾರಿಗೆ ಬಂತು.

ಸರಿ, ಏಳು ತಿಂಗಳು ಕೆಲಸ ಮಾಡಿದ್ದಾರೆ, ಒಪ್ಪೋಣ. ಆದರೆ ಮಸೂದೆಯ ಮೇಲಿದ್ದ ದೊಡ್ಡ ಆಕ್ಷೇಪ ಪಾಲಿಕೆಗಳ ಲೆಕ್ಕದ್ದಲ್ಲ. ಊರಿನ ಮೇಲಿನ ಹಿಡಿತ ಯಾರದ್ದು ಅನ್ನೋದು. ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಸ್ವಂತ ಆಡಳಿತ ಬೇಕು ಅನ್ನುತ್ತೆ. ಹೊಸ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷ. ಸಮಿತಿಗೆ ಹೋಗುವಾಗಲೂ ಹಾಗೇ ಇತ್ತು, ಕಾನೂನಾಗಿ ಹೊರಬಂದಾಗಲೂ ಹಾಗೇ ಇದೆ.

ಇದನ್ನ ಇಲ್ಲಿನ ನಕಾಶೆಯ ಪಕ್ಕ ಇಟ್ಟು ನೋಡಿ. ವೆಸ್ಟ್ ಯಾರ್ಕ್‌ಶೈರ್‌ನಲ್ಲೂ ಐದೇ ಕೌನ್ಸಿಲ್: ಲೀಡ್ಸ್, ಬ್ರಾಡ್‌ಫರ್ಡ್, ವೇಕ್‌ಫೀಲ್ಡ್, ಕರ್ಕ್‌ಲೀಸ್, ಕಾಲ್ಡರ್‌ಡೇಲ್. ಐದರ ಮೇಲೊಂದು ಪ್ರಾಧಿಕಾರ. ಅದರ ತಲೆಗೆ 2021ರಿಂದ ಜನ ನೇರವಾಗಿ ಆರಿಸಿದ ಮೇಯರ್. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಕಡೆ ಇಂಥ ಮೇಯರ್ ಬಂದದ್ದು 2017ರಲ್ಲಿ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿರೋ ನಾನು ಕಾಮನ್‌ವೆಲ್ತ್ ಪ್ರಜೆ ಅಂತ ಇಲ್ಲಿ ಮೇಯರ್‌ಗೆ ವೋಟು ಹಾಕಬಹುದು. ಅಮ್ಮನಿಗೆ ತನ್ನ ವಾರ್ಡಿನಲ್ಲಿ ಆ ಭಾಗ್ಯ ಬಂದು ಹತ್ತು ವರ್ಷ ಆಗಿತ್ತು.

ಹಾಗಂತ ಇಂಗ್ಲೆಂಡನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಬೇಕಾಗಿಲ್ಲ. 2012ರ ಮೇ ತಿಂಗಳ ಜನಮತದಲ್ಲಿ ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಮೂರೂ ನಗರ ಮೇಯರ್ ಬೇಡ ಅಂದಿದ್ದವು. ಆಮೇಲೆ ಇಡೀ ಪ್ರದೇಶಕ್ಕೆ ಅಂತ ಮೇಯರ್ ಬಂದಾಗ ಜನಮತ ಕೇಳಲೇ ಇಲ್ಲ. ವೆಸ್ಟ್‌ಮಿನ್‌ಸ್ಟರ್‌ನ ಮಸೂದೆ ಸಮಿತಿಯಲ್ಲೂ ಆಡಳಿತ ಪಕ್ಷಕ್ಕೇ ಬಹುಮತ. ವಿರೋಧಿಗಳ ತಿದ್ದುಪಡಿ ಬಹುತೇಕ ಬಿದ್ದೇ ಹೋಗುತ್ತೆ.

ಆದರೆ ಎರಡು ವ್ಯತ್ಯಾಸ ಇದೆ. ಒಂದು, ಇಲ್ಲಿ ಸಮಿತಿಯ ಹಂತ ಸರ್ಕಾರದ ಮರ್ಜಿಯಲ್ಲ, ಮಸೂದೆ ನಡೆಯಬೇಕಾದ ದಾರಿಯ ಭಾಗ. ಎರಡು, ಬಿದ್ದದ್ದು ಕಾಣುತ್ತೆ. ಯಾರು ಬೇಕಾದರೂ ಲಿಖಿತ ಹೇಳಿಕೆ ಕಳಿಸಬಹುದು, ಸಮಿತಿ ಸ್ವೀಕರಿಸಿದ್ದು ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಪ್ರಕಟವಾಗುತ್ತೆ. ತಿದ್ದುಪಡಿ ತಂದವರು ಯಾರು, ಮಂತ್ರಿ ಏನಂತ ಬೇಡ ಅಂದರು, ಯಾರು ಯಾವ ಕಡೆ ಕೈಯೆತ್ತಿದರು ಎಲ್ಲ ಹ್ಯಾನ್ಸಾರ್ಡ್‌ನಲ್ಲಿ ಸಿಗುತ್ತೆ. ನಮ್ಮ ಕಡೆ ಸಮಿತಿಯ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೀತವೆ.

ನನ್ನ ಕೆಲಸ ಡೇಟಾ ಸೈನ್ಸ್. ಯಾವ ಸಾಲುಗಳನ್ನ ತೆಗೆದುಹಾಕಿದೆ, ಯಾಕೆ ತೆಗೆದೆ ಅಂತ ಬರೆದಿಡದಿದ್ದರೆ ನನ್ನ ಫಲಿತಾಂಶವನ್ನ ಯಾರೂ ನಂಬಲ್ಲ, ನಂಬಲೂಬಾರದು. ಶಾಸನ ಸಮಿತಿಯಿಂದಲೂ ನಾನು ಕೇಳೋದು ಅಷ್ಟೇ. ನಮ್ಮ ಸಲಹೆಯನ್ನ ಒಪ್ಪಲೇಬೇಕು ಅಂತಲ್ಲ. ಬೇಡ ಅಂದದ್ದಕ್ಕೆ ಕಾರಣ ಕೊಡಿ, ಆ ಕಾರಣ ಹೇಳಿದವರ ಹೆಸರು ಬರೆದಿಡಿ, ಎಲ್ಲರ ಕೈಗೂ ಸಿಗೋ ಹಾಗೆ ಇಡಿ. ಕನ್ನಡದಲ್ಲೇ ಇಡಿ, ಅಮ್ಮನೂ ಓದಲಿ, ಇಲ್ಲಿ ಕನ್ನಡ ಕಲೀತಿರೋ ಮಕ್ಕಳೂ ಓದಲಿ.

ಮುಂದಿನ ಸಲ ಊರಿಂದ ಯಾರಾದರೂ "ಮಸೂದೆ ಪಾಸಾಯ್ತು" ಅಂದಾಗ ನೀವು ಎರಡೇ ಪ್ರಶ್ನೆ ಕೇಳಿ: ಸಮಿತಿಗೆ ಹೋಗಿತ್ತಾ? ಹೋಗಿದ್ದರೆ, ಅಲ್ಲಿ ಬೇಡ ಅಂದದ್ದು ಯಾವುದು?