ತಿಪಟೂರಿನ ಕೊಬ್ಬರಿ ಧಾರಣೆ ಮತ್ತು ಪಾಯಿಂಟ್ ಅಂಡ್ ಫಿಗರ್ ನಕ್ಷೆ: ಒಂದು ವಿಮರ್ಶೆ

ಬೆಲೆಗಳ ಏರಿಳಿತವನ್ನು ನಕ್ಷೆಯಲ್ಲಿ ಬರೆದು ಮುಂದಿನ ನಡೆಯನ್ನು ಊಹಿಸುವ ವಿಧಾನಗಳಲ್ಲಿ 'ಪಾಯಿಂಟ್ ಅಂಡ್ ಫಿಗರ್' ಎಂಬುದು ಬಹು ಹಳೆಯದು. ಅಮೆರಿಕದ ಷೇರುಪೇಟೆಯಲ್ಲಿ ಹುಟ್ಟಿದ ಇದನ್ನು ಚಾರ್ಲ್ಸ್ ಡೌ 1901ರಲ್ಲಿಯೇ 'ಪುಸ್ತಕ ವಿಧಾನ'ವೆಂಬ ಹೆಸರಿನಿಂದ ಉಲ್ಲೇಖಿಸಿದ್ದಾನೆ. 1933ರಲ್ಲಿ ವಿಕ್ಟರ್ ಡಿ ವಿಲಿಯರ್ಸ್ ಇದನ್ನು ಗ್ರಂಥರೂಪಕ್ಕೆ ತಂದನು, ಮುಂದೆ ಎ. ಡಬ್ಲ್ಯು. ಕೋಹೆನ್ ಇದರ 'ಮೂರು ಮನೆಯ ತಿರುವು' ಎಂಬ ರೂಪವನ್ನು ಪ್ರಚಾರಕ್ಕೆ ತಂದನು. ಧಾರಣೆಯ ಪಟ್ಟಿ ಅಂಗೈಯಲ್ಲಿಯೇ ದೊರೆಯುವ ಈ ಕಾಲದಲ್ಲಿ, ಷೇರಿಗಾಗಿ ಸಿದ್ಧವಾದ ಈ ಉಪಕರಣವನ್ನು ಕೊಬ್ಬರಿಗೂ ಹಚ್ಚಿ ನೋಡುವ ಆಸೆ ಸಹಜವಾದುದು. ಅದು ತಿಪಟೂರಿನ ಪೇಟೆಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದೇ ಇಲ್ಲಿ ನಮ್ಮ ವಿಚಾರ.

ವಿಧಾನದ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಚೌಕುಳಿ ಕಾಗದದ ಒಂದೊಂದು ಮನೆಗೂ ಒಂದು ಬೆಲೆ; ಮನೆಯಿಂದ ಮನೆಗೆ 100 ರೂಪಾಯಿ ಎನ್ನೋಣ. ಬೆಲೆ ಏರಿದಂತೆ ಕತ್ತರಿ ಗುರುತುಗಳನ್ನು ಒಂದರ ಮೇಲೊಂದು ಹಾಕುತ್ತ ಹೋಗಬೇಕು. ಕ್ವಿಂಟಲಿಗೆ 12,500ರವರೆಗೆ ಏರಿದ ಧಾರಣೆ 12,300ಕ್ಕೆ ಇಳಿದರೆ ನಕ್ಷೆ ಸುಮ್ಮನಿರುತ್ತದೆ. 12,200ನ್ನು ಮುಟ್ಟಿದಾಗ ಮಾತ್ರ, ಅಂದರೆ ಮೂರು ಮನೆ ಇಳಿದಾಗ, ಪಕ್ಕದ ಕಂಬದಲ್ಲಿ ಮೂರು ಸೊನ್ನೆಗಳು ಬೀಳುತ್ತವೆ. ಹಿಂದಿನ ಸೊನ್ನೆಯ ಕಂಬದ ತಳವನ್ನು ಈಗಿನದು ಒಂದು ಮನೆಯಷ್ಟು ಮೀರಿ ಇಳಿದರೆ ಅದು ಮಾರಾಟದ ಸೂಚನೆ. ಹಿಂದಿನ ಕತ್ತರಿ ಕಂಬದ ತಲೆಯನ್ನು ಮೀರಿ ಏರಿದರೆ ಕೊಳ್ಳುವ ಸೂಚನೆ. ಈ ನಕ್ಷೆಯಲ್ಲಿ ದಿನ, ವಾರ, ತಿಂಗಳುಗಳಿಗೆ ಸ್ಥಾನವಿಲ್ಲ.

ಇದರ ಗುಣಗಳು ಅಲ್ಪವಲ್ಲ. ಸಣ್ಣಪುಟ್ಟ ಅಲುಗಾಟಗಳು ತಾವಾಗಿಯೇ ಉದುರಿಹೋಗುತ್ತವೆ. ವರ್ಷಗಟ್ಟಲೆಯ ಚರಿತ್ರೆ ಒಂದೇ ಹಾಳೆಯಲ್ಲಿ ಅಡಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಎಣಿಕೆ ತಪ್ಪಿತೆಂದು ವರ್ತಕನು ಎಲ್ಲಿ ಒಪ್ಪಿಕೊಳ್ಳಬೇಕೆಂಬುದನ್ನು ಅದು ಮುಂಚಿತವಾಗಿಯೇ ಗೊತ್ತುಮಾಡುತ್ತದೆ. ಪೇಟೆಯ ಗಾಳಿಮಾತಿಗೆ ಓಲಾಡುವ ಮನಸ್ಸಿಗೆ ಇಂತಹ ಕಟ್ಟುಪಾಡು ಹಿತಕರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ವಿಧಾನವು, ಬೆಲೆಯು ಒಂದೇ ಬಗೆಯ ಸರಕಿನದೆಂದೂ ಮೆಟ್ಟಿಲು ಮೆಟ್ಟಿಲಾಗಿ ನಡೆಯುವುದೆಂದೂ ಭಾವಿಸುತ್ತದೆ. ಕೊಬ್ಬರಿಯಲ್ಲಿ ಇವೆರಡೂ ನಿಲ್ಲುವುದಿಲ್ಲ. ಕೋಹೆನನ ಕ್ರಮದಂತೆ ದಿನದ ಗರಿಷ್ಠ ಹಾಗೂ ಕನಿಷ್ಠ ಬೆಲೆಗಳನ್ನು ನೋಡಿ ಗುರುತು ಹಾಕಬೇಕು. ಷೇರಿನಲ್ಲಿ ಇವು ಒಂದೇ ವಸ್ತುವಿನ ಬೇರೆ ಬೇರೆ ಹೊತ್ತಿನ ಬೆಲೆಗಳು. ತಿಪಟೂರಿನ ಟೆಂಡರಿನಲ್ಲಾದರೋ ಅವು ಬೇರೆ ಬೇರೆ ಲಾಟುಗಳ ಬೆಲೆಗಳು: ಮೇಲಿನದು ಚೆನ್ನಾಗಿ ಒಣಗಿದ ದಪ್ಪ ಉಂಡೆಗೆ, ಕೆಳಗಿನದು ಸಣ್ಣದಕ್ಕೆ ಅಥವಾ ಬೂಷ್ಟು ಹಿಡಿದುದಕ್ಕೆ. ಕಳಪೆ ಲಾಟೊಂದು ಬಂದ ಮಾತ್ರಕ್ಕೆ ನಕ್ಷೆ ತಿರುಗಿಬೀಳಬಹುದು. ಪೇಟೆ ಮಾತ್ರ ತಿರುಗಿರುವುದಿಲ್ಲ. ಆದಕಾರಣ ಹೆಚ್ಚು ಸರಕು ಮಾರಾಟವಾದ ಬೆಲೆಯೊಂದನ್ನೇ ಗುರುತಿಸುವುದು ಅವಶ್ಯ.

ಅಷ್ಟು ಮಾಡಿದರೂ ಎರಡನೆಯ ತೊಡಕು ಉಳಿಯುತ್ತದೆ. ಟೆಂಡರು ನಡೆಯುವುದು ವಾರದ ಗೊತ್ತಾದ ದಿನಗಳಲ್ಲಿ. ಒಂದು ಟೆಂಡರಿನಲ್ಲಿ 12,500 ಇದ್ದ ಧಾರಣೆ ಮುಂದಿನದರಲ್ಲಿ 11,700 ಆಯಿತೆನ್ನೋಣ. ನಕ್ಷೆಯಲ್ಲಿ ಎಂಟು ಸೊನ್ನೆಗಳು ಒಟ್ಟಿಗೆ ಬೀಳುತ್ತವೆ. ಹಿಂದಿನ ತಳ 12,000 ಆಗಿದ್ದರೆ ಮಾರಾಟದ ಸೂಚನೆ 11,900ರಲ್ಲಿ ಎಂದು ಹಾಳೆ ಹೇಳುವುದು. ಆ ಬೆಲೆ ಪೇಟೆಯಲ್ಲಿ ಬಂದೇ ಇಲ್ಲ; ಸೂಚನೆ ಕಂಡವನು ಮುಂದಿನ ಟೆಂಡರಿಗೆ ಕಾಯಬೇಕು. ಹಾಳೆಯ ಮೇಲಿನ ಲಾಭಕ್ಕೂ ಕೈಗೆ ಬರುವ ಹಣಕ್ಕೂ ಇರುವ ಅಂತರ ಇದೇ. ಷೇರುಪೇಟೆಯಲ್ಲಿಯೂ ಇಂತಹ ನಿಯಮಗಳು ಖರ್ಚಿನ ಮುಂದೆ ಸೋತಿವೆ: ಬೆಲೆ ಇಂತಿಷ್ಟು ಶೇಕಡ ತಿರುಗಿದಾಗ ಕೊಂಡು ಮಾರುವ ಕ್ರಮವನ್ನು ಸಿಡ್ನಿ ಅಲೆಕ್ಸಾಂಡರ್ 1961ರಲ್ಲಿ ಪರೀಕ್ಷಿಸಿ ಲಾಭ ಕಂಡನು, 1966ರಲ್ಲಿ ಫಾಮ ಮತ್ತು ಬ್ಲೂಮ್ ಅದನ್ನು ಮರುಪರಿಶೀಲಿಸಿ, ದಳ್ಳಾಳಿಯನ್ನು ಕಳೆದರೆ ಲಾಭ ನಿಲ್ಲದೆಂದು ತೋರಿಸಿದರು.

ಮನೆಯ ಅಳತೆಯ ಪ್ರಶ್ನೆಯೂ ಇದೆ. 8,000 ರೂಪಾಯಿಯ ಧಾರಣೆಯಲ್ಲಿ 100 ರೂಪಾಯಿ ಎಂದರೆ ನೂರಕ್ಕೆ ಒಂದೂಕಾಲು. 20,000ದಲ್ಲಿ ಅರೆ ಮಾತ್ರ. 2023ರಲ್ಲಿ ಕುಸಿದು 2025ರಲ್ಲಿ 20,000ವನ್ನು ಮೀರಿದ ಕೊಬ್ಬರಿಗೆ ಒಂದೇ ಅಳತೆ ಹಿಡಿದರೆ, ಕೆಳಗೆ ಮಂದವಾದ ನಕ್ಷೆ ಮೇಲೆ ಚಂಚಲವಾಗುತ್ತದೆ. ಶೇಕಡ ಲೆಕ್ಕದ ಮನೆಗಳಿಂದ ಈ ದೋಷವನ್ನು ನೀಗಬಹುದು. ಕಂಬದ ಮನೆಗಳನ್ನೆಣಿಸಿ, ಮೂರರಿಂದ ಗುಣಿಸಿ, ಬೆಲೆ ಎಲ್ಲಿಗೆ ಮುಟ್ಟುವುದೆಂದು ಸಾರುವ ಲೆಕ್ಕಕ್ಕೆ ಮಾತ್ರ ಪರಿಹಾರವಿಲ್ಲ. ಮನೆಯ ಅಳತೆ ಬದಲಾದರೆ ಗುರಿಯೂ ಬದಲಾಗುವ ಈ ಎಣಿಕೆಯಲ್ಲಿ ಕಾರ್ಯಕಾರಣ ಸಂಬಂಧವನ್ನು ನಾವು ಕಾಣಲಾರೆವು.

ನಕ್ಷೆಗಾರರು ಹಿಂದಿನ ತಳಗಳನ್ನು 'ಬೆಂಬಲ'ವೆನ್ನುತ್ತಾರೆ. ಕೊಬ್ಬರಿಗೆ ಇನ್ನೊಂದು ಬೆಂಬಲವುಂಟು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರವು ಗೊತ್ತುಮಾಡಿದ ಬೆಂಬಲ ಬೆಲೆ 11,750 ರೂಪಾಯಿ. ಪೇಟೆ ಅದಕ್ಕಿಂತ ಬಹಳ ಕೆಳಗಿಳಿಯಿತು. 2024ರ ಹಂಗಾಮಿಗೆ 12,000 ರೂಪಾಯಿಯ ಜೊತೆಗೆ ರಾಜ್ಯವು 1,500 ರೂಪಾಯಿ ಪ್ರೋತ್ಸಾಹಧನವನ್ನು ಸೇರಿಸಿತು. ಇಂತಹ ನಿರ್ಧಾರಗಳ ಮುನ್ಸೂಚನೆಯನ್ನು ಸೊನ್ನೆಗಳ ಸಾಲಿನಲ್ಲಿ ಹುಡುಕುವುದು ವ್ಯರ್ಥ.

ಕೊನೆಯದಾಗಿ, ಕಾಲವನ್ನು ಅಳಿಸುವುದು ಈ ವಿಧಾನದ ಹೆಮ್ಮೆ. ಬೆಳೆಗಾರನ ಪಾಲಿಗೆ ಅದೇ ಅದರ ಮುಖ್ಯ ಕೊರತೆ. ಸಂಪಿಗೆಯ ತೋಟದಲ್ಲಿ ಇಳಿಸಿದ ಕಾಯಿ ಅಟ್ಟದ ಮೇಲೆ ಅನೇಕ ತಿಂಗಳು ಕುಳಿತು, ನೀರು ಆರಿ, ಗಿಟುಕಾಗಬೇಕು. ಆ ತಿಂಗಳುಗಳಿಗೆ ಸಾಲದ ಬಡ್ಡಿ ಇದೆ, ಕೆಡುವ ಕಾಯಿ ಇದೆ. ನಾಲ್ಕು ವಾರದಲ್ಲಿ ಬಂದ 600 ರೂಪಾಯಿಯ ಏರಿಕೆಯೂ ಹತ್ತು ತಿಂಗಳಲ್ಲಿ ಬಂದ 600 ರೂಪಾಯಿಯ ಏರಿಕೆಯೂ ನಕ್ಷೆಯಲ್ಲಿ ಆರೇ ಮನೆ. ಮನೆಯ ಯಜಮಾನನ ಲೆಕ್ಕದಲ್ಲಿ ಒಂದು ಲಾಭ, ಇನ್ನೊಂದು ನಷ್ಟವಾಗಬಹುದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ದಿನದಿನವೂ ಕೊಂಡು ಮಾರುವ ಮಂಡಿಯ ವರ್ತಕನಿಗೆ ಈ ನಕ್ಷೆ ಹಿಂದಿನದರ ಅಚ್ಚುಕಟ್ಟಾದ ಕಡತವಾಗಿ, ಆತುರಕ್ಕೆ ಕಡಿವಾಣವಾಗಿ ಉಪಯುಕ್ತ. ಅಟ್ಟದಿಂದ ಕಾಯಿ ಎಂದು ಇಳಿಸಬೇಕೆಂದು ಕೇಳುವವನಿಗೆ ಅದು ಉತ್ತರ ಹೇಳಲಾರದು. ಅವನು ನಕ್ಷೆಯ ಪಕ್ಕದಲ್ಲಿ ತಿಂಗಳನ್ನೂ ಬಡ್ಡಿಯನ್ನೂ ಬರೆದಿಟ್ಟುಕೊಳ್ಳುವುದು ಕ್ಷೇಮ.