ಹೋಬಳಿ ಕಬಡ್ಡಿ ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಟೀವಿಯಲ್ಲಿ ಪ್ರೊ ಕಬಡ್ಡಿ ನೋಡಿ ಆಟ ಕಲಿತವರು ಮ್ಯಾಟು, ಬಣ್ಣದ ದೀಪ, ರೀಪ್ಲೇ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಬರಬೇಕಾದ ಜಾಗ ತೂಬಗೆರೆ ಇರಬಹುದು, ಸೂಲಿಬೆಲೆ ಇರಬಹುದು, ಕುಂದಾಣವೋ ತ್ಯಾಮಗೊಂಡ್ಲುವೋ ಆಗಬಹುದು. ರಾಗಿ ಹೊಲ ಹಸಿರಾಗಿರುವ ಮಳೆಗಾಲದಲ್ಲಿ, ದಸರಾ ರಜೆಗೆ ಮುಂಚೆ, ಯಾವುದಾದರೊಂದು ಪ್ರೌಢಶಾಲೆಯ ಮೈದಾನದಲ್ಲಿ ಶಿಕ್ಷಣ ಇಲಾಖೆಯ ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯುತ್ತದೆ. ಟಿಕೆಟ್ ಇಲ್ಲ. ಕುರ್ಚಿಗಳು ಶಾಮಿಯಾನದ ಕೆಳಗಿನ ಅತಿಥಿಗಳಿಗೆ. ಮಿಕ್ಕವರೆಲ್ಲ ಸುಣ್ಣದ ಗೆರೆಯ ಸುತ್ತ ನಿಂತೇ ನೋಡಬೇಕು, ಹಾಗೆ ನೋಡುವುದೇ ವಾಸಿ.

ಹೋಬಳಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ. ಪ್ರೌಢಶಾಲೆಯವರಿಗೆ ಹದಿನೇಳು ವರ್ಷದೊಳಗಿನವರ ವಿಭಾಗ. ಮೇಲೆ ಹೋದಂತೆ ಆಟ ಚೊಕ್ಕವಾಗುತ್ತದೆ, ನಿಜ. ಆದರೂ ನನ್ನ ಮಟ್ಟಿಗೆ ರುಚಿ ಇರುವುದು ಕೆಳಗಿನ ಮೆಟ್ಟಿಲಲ್ಲೇ. ರಾಜ್ಯ ಮಟ್ಟದಲ್ಲಿ ಎದುರಾಳಿ ಯಾರೋ ಅಪರಿಚಿತ. ಹೋಬಳಿಯಲ್ಲಿ ಎದುರಿಗೆ ನಿಂತವನು ಬೆಳಗ್ಗೆ ಅದೇ ಬಸ್ಸಿನಲ್ಲಿ ಬಂದವನು, ಅತ್ತೆಯ ಮಗ, ಇಲ್ಲವೇ ಸಂತೆಯಲ್ಲಿ ಸಿಗುವ ಹುಡುಗ. ಅವನು ಬಲಗಾಲು ಮುಂದಿಟ್ಟೇ ರೈಡಿಗೆ ಬರುತ್ತಾನೆ ಎಂಬುದು ಇವರಿಗೆ ಗೊತ್ತು. ಇವರಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತು. ಆಟ ಶುರುವಾಗುವುದು ಇಲ್ಲಿಂದ.

ಈ ಪೈಪೋಟಿಗೆ ವಿಚಿತ್ರವಾದ ವಯಸ್ಸಿದೆ. ಎಂಟು, ಒಂಬತ್ತು, ಹತ್ತು: ಮೂರೇ ತರಗತಿ. ಮೂರು ವರ್ಷಕ್ಕೊಮ್ಮೆ ಆಟಗಾರರೆಲ್ಲ ಬದಲಾಗುತ್ತಾರೆ. ಹಾಗಿದ್ದೂ ‘ಆ ಸ್ಕೂಲಿನವರಿಗೆ ಮಾತ್ರ ಸೋಲಬಾರದು’ ಎಂಬ ಹಟ ಹೊಸ ಹುಡುಗರಿಗೆ ತಪ್ಪದೆ ದಾಟುತ್ತದೆ. ದಾಟಿಸುವವರು ಇಬ್ಬರು. ಒಬ್ಬರು ಪಿ.ಟಿ. ಮೇಷ್ಟ್ರು, ವರ್ಗಾವಣೆಯಾಗುವವರೆಗೆ. ಇನ್ನೊಬ್ಬರು ಹಳೆ ವಿದ್ಯಾರ್ಥಿಗಳು, ಅವರಿಗೆ ವರ್ಗಾವಣೆ ಇಲ್ಲ. ಬೈಕ್ ನಿಲ್ಲಿಸಿ, ಕೈಕಟ್ಟಿಕೊಂಡು, ‘ನಮ್ಮ ಬ್ಯಾಚಲ್ಲಿ’ ಎಂದು ಮಾತು ಶುರುಮಾಡುವವರ ಪಕ್ಕದಲ್ಲಿ ನಿಂತರೆ ಶಾಲೆಯ ಕ್ರೀಡಾ ಚರಿತ್ರೆ ಪೂರ್ತಿ ಸಿಗುತ್ತದೆ. ಅರ್ಧದಷ್ಟು ನಂಬಿದರೆ ಸಾಕು.

ಈ ಹೋಬಳಿಗಳಿರುವ ಜಿಲ್ಲೆಯ ಲೆಕ್ಕ ಮಾತ್ರ ಪದೇ ಪದೇ ಬದಲಾಗಿದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಹೊರಹೋದವು. ಎಂಟು ತಾಲ್ಲೂಕಿನ ಜಿಲ್ಲೆಯಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಉಳಿದವು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಸಾಸಲು ಹೋಬಳಿಯ ಹುಡುಗನಿಗೆ ಇದರಿಂದ ಆಗುವುದೇನೂ ಇಲ್ಲ. ಅವನ ಎದುರಾಳಿ ಪಕ್ಕದ ಊರಿನ ಶಾಲೆಯೇ. ಬದಲಾದದ್ದು ತಂಡದ ಒಳಗೆ. ವಿಮಾನ ನಿಲ್ದಾಣ, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸು ಇವುಗಳ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳೂ ಈಗ ಸರ್ಕಾರಿ ಶಾಲೆಯ ಜೆರ್ಸಿ ತೊಡುತ್ತಾರೆ. ಗೆರೆಯಾಚೆಯ ಕೂಗಿನಲ್ಲಿ ರಾಯಚೂರಿನ ಕನ್ನಡವೂ ಕಿವಿಗೆ ಬಿದ್ದೀತು.

ಇನ್ನು ನೋಡುವ ಕ್ರಮ. ಹೊಸಬರ ಕಣ್ಣು ರೈಡರ್ ಹಿಂದೆಯೇ ಓಡುತ್ತದೆ. ತಪ್ಪಲ್ಲ, ಆದರೆ ಅದು ಅರ್ಧ ಆಟ. ಒಂದೆರಡು ರೈಡ್ ಅವನನ್ನು ನೋಡಿ, ಆಮೇಲೆ ಅವನನ್ನು ಮರೆತು ಎದುರಿನ ಏಳು ಜನರ ಪಾದಗಳನ್ನು ನೋಡಿ. ತುದಿಗಳಲ್ಲಿ ಇಬ್ಬರು ಕಾರ್ನರ್, ಅವರ ಒಳಗೆ ಇಬ್ಬರು ಇನ್, ಅವರಿಗೂ ಒಳಗೆ ಇಬ್ಬರು ಕವರ್, ನಡುವೆ ಒಬ್ಬ ಸೆಂಟರ್. ಕೈಕೈ ಹಿಡಿದ ಜೋಡಿಗಳಿಗೆ ಚೈನ್ ಎನ್ನುತ್ತಾರೆ. ರೈಡರ್ ಎಡಕ್ಕೆ ವಾಲಿದರೆ ಇಡೀ ಸಾಲು ಎಡಕ್ಕೆ ವಾಲಬೇಕು, ಬಲ ತುದಿಯವನು ಮಾತ್ರ ಅವನ ಬೆನ್ನಿನ ಕಡೆಗೆ ಒಂದು ಹೆಜ್ಜೆ ಕದಿಯಬೇಕು. ಒಳ್ಳೆಯ ತಂಡದಲ್ಲಿ ಈ ಸಾಲು ಗಾಳಿಗೆ ಬಾಗುವ ಪೈರಿನಂತೆ ಒಂದೇ ಸಲಕ್ಕೆ ಹೊರಳುತ್ತದೆ. ಕಚ್ಚಾ ತಂಡದಲ್ಲಿ ಯಾರೋ ಒಬ್ಬ ಅರ್ಧ ಹೆಜ್ಜೆ ತಡ. ರೈಡರ್ ಹುಡುಕುತ್ತಿರುವುದು ಆ ಒಬ್ಬನನ್ನೇ. ನೀವೂ ಅವನನ್ನೇ ಹುಡುಕಿ.

ಹಿಡಿತದಲ್ಲಿ ಮೊದಲು ಕಾಣಿಸುವುದು ಆಂಕಲ್ ಹೋಲ್ಡ್. ಕಾರ್ನರಿನ ಹುಡುಗ ಮುನ್ನುಗ್ಗಿ ರೈಡರಿನ ಪಾದದ ಗಂಟಿಗೆ ಕೈ ಹಾಕುತ್ತಾನೆ, ಚಪ್ಪಾಳೆ ಬೀಳುತ್ತದೆ. ಆದರೆ ಪಾದ ಹಿಡಿದವನೊಬ್ಬನಿಂದ ರೈಡರ್ ನಿಲ್ಲುವುದು ಅಪರೂಪ. ಅದರ ಹಿಂದೆಯೇ ಕವರ್ ಬಂದು ಬ್ಲಾಕ್ ಮಾಡಿದನೇ, ಡ್ಯಾಶ್ ಹೊಡೆದು ಗೆರೆಯಾಚೆ ತಳ್ಳಿದನೇ ಎಂಬುದರಲ್ಲಿ ಅಂಕ ಇದೆ. ಚಪ್ಪಾಳೆ ಮೊದಲನೆಯವನಿಗೆ, ಅಂಕ ಎರಡನೆಯವನದು. ಮೇಷ್ಟ್ರು ಆಟ ಮುಗಿದ ಮೇಲೆ ಬೆನ್ನು ತಟ್ಟುವುದು ಯಾರಿಗೆ ಎಂದು ಗಮನಿಸಿ. ಅವರಿಗೆ ಆಟ ಎಷ್ಟು ಗೊತ್ತೆಂದು ತಿಳಿದುಹೋಗುತ್ತದೆ.

ಗೆರೆಗಳನ್ನು ಗುರುತಿಟ್ಟುಕೊಳ್ಳಿ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಲೈನ್. ಬಾಕ್ ಲೈನ್ ದಾಟದೆ, ಯಾರನ್ನೂ ಮುಟ್ಟದೆ ವಾಪಸಾದ ರೈಡರ್ ಔಟ್. ಎದುರು ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಉಂಟು. ಒಂದು ಕಾಲು ಗೆರೆಯಾಚೆ ಊರಿರಬೇಕು, ಇನ್ನೊಂದು ಗಾಳಿಯಲ್ಲಿರಬೇಕು. ಹೋಬಳಿ ಮೈದಾನದ ಜಗಳಗಳಿಗೆಲ್ಲ ಮೂಲ ಇದು. ಮಳೆ ಬಿದ್ದ ಕೆಂಪುಮಣ್ಣಿನಲ್ಲಿ ಸುಣ್ಣ ಅಳಿಸಿಹೋಗಿರುತ್ತದೆ, ಅಂಪೈರ್ ಆಗಿ ನಿಂತವರು ಇನ್ನೊಂದು ಶಾಲೆಯ ಪಿ.ಟಿ. ಮೇಷ್ಟ್ರು, ಅವರ ತಂಡಕ್ಕೆ ಮುಂದಿನ ಸುತ್ತಿನಲ್ಲಿ ಇವರಲ್ಲೊಬ್ಬರೇ ಎದುರಾಳಿ. ಎರಡೂ ಕಡೆಯವರು ಒಟ್ಟಿಗೆ ಬೈದರೆ ಅಂಪೈರ್ ನ್ಯಾಯವಾಗಿದ್ದಾರೆಂದೇ ಅರ್ಥ.

ಬೋನಸ್ಸಿನಿಂದ ಬಂದ ಅಂಕಕ್ಕೆ ಹೊರಗೆ ಕೂತವರು ಒಳಗೆ ಬರುವಂತಿಲ್ಲ. ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ ಒಬ್ಬೊಬ್ಬರಾಗಿ ಮರಳುತ್ತಾರೆ. ಆದ್ದರಿಂದ ಬರೀ ಸ್ಕೋರ್ ನೋಡಬೇಡಿ, ಬದಿಯಲ್ಲಿ ಸಾಲಾಗಿ ಕೂತ ತಲೆಗಳನ್ನು ಎಣಿಸಿ. ಅಂಕದಲ್ಲಿ ಮುಂದಿದ್ದು ಅಂಕಣದಲ್ಲಿ ಇಬ್ಬರೇ ಉಳಿದ ತಂಡ ಆಗಲೇ ಲೋನಾ ಅಂಚಿಗೆ ಬಂದಿದೆ. ಎಲ್ಲರೂ ಔಟಾದರೆ ಎದುರಾಳಿಗೆ ಹೆಚ್ಚುವರಿ ಎರಡಂಕ.

ಕಿವಿಗೂ ಕೆಲಸ ಕೊಡಿ. ರೈಡಿಗೆ ಮೂವತ್ತು ಸೆಕೆಂಡು. ‘ಕಬಡ್ಡಿ ಕಬಡ್ಡಿ’ ಸ್ಪಷ್ಟವಾಗಿ, ಒಂದೇ ದಮ್ಮಿನಲ್ಲಿ ಕೇಳಿಸುತ್ತಿರಬೇಕು. ಟೀವಿಯಲ್ಲಿ ಈ ಸದ್ದು ವೀಕ್ಷಕ ವಿವರಣೆಯ ಅಡಿ ಮುಚ್ಚಿಹೋಗುತ್ತದೆ. ಇಲ್ಲಿ ನಾಲ್ಕು ಅಡಿ ದೂರದಲ್ಲಿ ನಿಂತಿರುತ್ತೀರಿ. ಹೆದರಿದ ಹುಡುಗನ ಜಪ ವೇಗವಾಗುತ್ತದೆ, ಹಿಡಿತಕ್ಕೆ ಸಿಕ್ಕವನದು ಗಂಟಲಲ್ಲಿ ಒಡೆಯುತ್ತದೆ, ಪಳಗಿದವನದು ಏರಿಳಿತವಿಲ್ಲದೆ ಸಾಗುತ್ತದೆ.

ಹೆಣ್ಣುಮಕ್ಕಳ ಪಂದ್ಯವನ್ನು ಊಟದ ಹೊತ್ತಿಗೆ ಇಟ್ಟು ಮುಗಿಸುವ ರೂಢಿ ಕೆಲವೆಡೆ ಇದೆ. ಊಟ ತಡವಾದರೂ ಸರಿ, ಅದನ್ನು ಬಿಡಬೇಡಿ. ಅಂಕಣ ಚಿಕ್ಕದು, 12ಕ್ಕೆ 8 ಮೀಟರ್. ರೈಡರಿಗೆ ಅಡ್ಡಾಡಲು ಜಾಗ ಕಡಿಮೆಯಾದ್ದರಿಂದ ಮೈಬಲಕ್ಕಿಂತ ಸಮಯಪ್ರಜ್ಞೆಯೇ ಮುಂದೆ ನಿಲ್ಲುತ್ತದೆ. ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ ಬಂದದ್ದು 1990ರ ಬೀಜಿಂಗಿನಲ್ಲಿ, ಹೆಂಗಸರದು 2010ರ ಗುವಾಂಗ್‌ಝೌನಲ್ಲಿ. ಆಗ ಚಿನ್ನ ಗೆದ್ದ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ, ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು.

ಹತ್ತನೆಯ ತರಗತಿ ಮುಗಿದರೂ ಹಗೆ ಮುಗಿಯುವುದಿಲ್ಲ. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಹೀಗೆ ರಜೆ ಸಿಕ್ಕಲ್ಲೆಲ್ಲ ಯುವಕ ಸಂಘಗಳು ಹೊನಲು ಬೆಳಕಿನ ಪಂದ್ಯಾವಳಿ ಇಡುತ್ತವೆ. ಅದೇ ಹುಡುಗರು, ಸ್ವಲ್ಪ ಹೊಟ್ಟೆ ಬಂದವರು, ಅದೇ ಎದುರಾಳಿ ಊರು. ಮೈಕಿನವನ ಅಬ್ಬರ, ಪ್ರಾಯೋಜಕರ ಸನ್ಮಾನ, ಹಾರ ತುರಾಯಿಗಳ ನಡುವೆ ರಾತ್ರಿ ಎರಡಕ್ಕೆ ಸೆಮಿಫೈನಲ್. ನನಗೆ ಇದು ಶಾಲೆಯ ಆಟದಷ್ಟು ಹಿಡಿಸುವುದಿಲ್ಲ. ಹೊರಗಿನಿಂದ ಕರೆಸಿದ ಆಟಗಾರರು ಇಣುಕಿದ ಕೂಡಲೇ ಊರಿನ ಲೆಕ್ಕ ಕೆಟ್ಟುಹೋಗುತ್ತದೆ.

ಅದೃಷ್ಟವಿದ್ದರೆ ಶಾಲಾ ಫೈನಲ್ ಸಮವಾಗುತ್ತದೆ. ಆಗ ಎರಡೂ ತಂಡಕ್ಕೆ ಐದೈದು ರೈಡ್. ಯಾರೂ ಔಟಾಗಿ ಹೊರಹೋಗುವುದಿಲ್ಲ, ಬಾಕ್ ಲೈನೇ ಬೋನಸ್ ಲೈನ್ ಆಗುತ್ತದೆ. ಐದು ರೈಡಿಗೂ ಬೇರೆ ಬೇರೆ ಹುಡುಗರೇ ಹೋಗಬೇಕು, ಹೆಸರುಗಳನ್ನು ಮೊದಲೇ ಕೊಡಬೇಕು. ಹೈಸ್ಕೂಲ್ ತಂಡದಲ್ಲಿ ನೆಚ್ಚಿಕೊಳ್ಳಬಹುದಾದ ರೈಡರುಗಳು ಸಾಮಾನ್ಯವಾಗಿ ಇಬ್ಬರು, ಹೆಚ್ಚೆಂದರೆ ಮೂವರು. ಉಳಿದ ಹೆಸರಿಗೆ ಮೇಷ್ಟ್ರು ಇಡೀ ದಿನ ಬರೀ ಪಾದ ಹಿಡಿಯುತ್ತಿದ್ದ ಕಾರ್ನರಿನ ಹುಡುಗನ ಕಡೆ ತಿರುಗಲೇಬೇಕು. ಈಗ ನೀವು ಎದುರು ಬದಿಗೆ ನಡೆದುಹೋಗಿ, ಅವನ ಮುಖ ಕಾಣುವ ಹಾಗೆ ನಿಂತುಕೊಳ್ಳಿ.