ಗ್ರಾಂಟ್ ಸೇನಾಪತಿಯ ಆತ್ಮವೃತ್ತಾಂತದಲ್ಲಿ ಆಪ್ತವಾಕ್ಯವಿಚಾರ

ನ್ಯಾಯಸೂತ್ರಗಳಿಗೆ ಭಾಷ್ಯವನ್ನು ರಚಿಸಿದ ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ಹೇಳುವಲ್ಲಿ ಎರಡಂಶಗಳನ್ನು ಮುಖ್ಯವಾಗಿ ಗ್ರಹಿಸಿರುವನು. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವುದು ಒಂದು. ಅರಿತುದನ್ನು ಅರಿತಂತೆಯೇ ಪರರಿಗೆ ತಿಳಿಸಬೇಕೆಂಬ ಇಚ್ಛೆಯು ಇನ್ನೊಂದು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಆ ಭಾಷ್ಯಕಾರನೇ ಕಂಠೋಕ್ತವಾಗಿ ಹೇಳಿರುವುದರಿಂದ, ಅಮೆರಿಕಾ ದೇಶದ ಸೇನಾಪತಿಯೊಬ್ಬನ ಗ್ರಂಥವನ್ನು ಈ ಒರೆಗಲ್ಲಿಗೆ ಹಚ್ಚುವುದು ಅನುಚಿತವಾಗಲಾರದು.

ಕ್ರಿ. ಶ. ೧೮೬೧ರಿಂದ ೧೮೬೫ರವರೆಗೆ ಆ ದೇಶದಲ್ಲಿ ನಡೆದ ಅಂತರ್ಯುದ್ಧವು ಮುಗಿದ ಮೇಲೆ ಉಭಯಪಕ್ಷದ ಸೇನಾಪತಿಗಳೂ ಖಡ್ಗವನ್ನಿಟ್ಟು ಲೇಖನಿಯನ್ನು ಹಿಡಿದರು. ಶೆರ್ಮನ್ನನ ಗ್ರಂಥವು ೧೮೭೫ರಲ್ಲಿಯೂ, ಗ್ರಾಂಟನದು ೧೮೮೫-೮೬ರಲ್ಲಿ ಎರಡು ಸಂಪುಟಗಳಾಗಿಯೂ, ಮೆಕ್ಲೆಲನ್ನನದು ಅವನ ಮರಣಾನಂತರ ೧೮೮೭ರಲ್ಲಿಯೂ, ದಕ್ಷಿಣಪಕ್ಷದ ಲಾಂಗ್‌ಸ್ಟ್ರೀಟನದು ೧೮೯೬ರಲ್ಲಿಯೂ ಪ್ರಕಟವಾದುವು. ಇವುಗಳಲ್ಲಿ ಬಹುಭಾಗವು ಆತ್ಮಸಮರ್ಥನೆಯೇ ಆಗಿರುವುದು. ಗೆಲವು ತನ್ನ ಬುದ್ಧಿಯಿಂದ, ಸೋಲು ಪರರ ದೋಷದಿಂದ ಎಂಬ ಧ್ವನಿಯು ಮೆಕ್ಲೆಲನ್ನನ ಪುಟಗಳಲ್ಲಿ ಧ್ವನಿಯಾಗಿ ಉಳಿಯದೆ ವಾಚ್ಯವೇ ಆಗಿಬಿಟ್ಟಿದೆ.

ಗ್ರಾಂಟನ ಗ್ರಂಥವು ಹುಟ್ಟಿದ ಸಂದರ್ಭವು ಕರುಣಾಜನಕವಾದುದು. ೧೮೮೪ರಲ್ಲಿ ಪಾಲುದಾರನ ವಂಚನೆಯಿಂದ ಸರ್ವಸ್ವವನ್ನೂ ಕಳೆದುಕೊಂಡು, ಗಂಟಲಿನ ಅರ್ಬುದರೋಗಕ್ಕೆ ತುತ್ತಾಗಿ, ಹೆಂಡತಿಗೆ ಜೀವನೋಪಾಯವಾಗಲೆಂದು ಆತನು ಬರೆದನು. ಬರೆಹವು ಮುಗಿದ ಕೆಲವೇ ದಿನಗಳಲ್ಲಿ, ೧೮೮೫ನೆಯ ಜುಲೈ ೨೩ರಂದು, ಕಾಲವಶನಾದನು. ಪ್ರಕಾಶಕನಾದ ಮಾರ್ಕ್ ಟ್ವೇನನೇ ಇದನ್ನು ಬರೆದುಕೊಟ್ಟನೆಂಬ ವದಂತಿಯೊಂದುಂಟು. ಗ್ರಾಂಟನ ಸ್ವಹಸ್ತಾಕ್ಷರದ ಪ್ರತಿಯು ವಾಷಿಂಗ್‌ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿರುವುದರಿಂದ ಅದು ನಿಲ್ಲತಕ್ಕದ್ದಲ್ಲ. ಶೈಲಿಯು ನಿರಾಭರಣವಾದುದು. ಸ್ವಭಾವೋಕ್ತಿಯನ್ನು ಮೊದಲನೆಯ ಅಲಂಕಾರವಾಗಿ ಎಣಿಸಿದ ದಂಡಿಯು ಇದನ್ನು ಮೆಚ್ಚುತ್ತಿದ್ದನು; ಅದನ್ನು ಅಲಂಕಾರವೆಂದೇ ಒಪ್ಪದ ಕುಂತಕನು ಏನೆನ್ನುತ್ತಿದ್ದನೋ!

ಆದರೆ ಇಲ್ಲಿ ಮುಖ್ಯವಾಗಿ ವಿಚಾರಿಸತಕ್ಕದ್ದು ಒಂದು ಅಡಿಟಿಪ್ಪಣಿಯನ್ನು. ೧೮೬೨ನೆಯ ಏಪ್ರಿಲ್ ೬ ಮತ್ತು ೭ರಂದು ಟೆನೆಸೀ ನದೀತೀರದ ಷೈಲೋ ಎಂಬಲ್ಲಿ ಘೋರಯುದ್ಧವಾಯಿತು. ಹತರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಎರಡೂ ಕಡೆ ೨೩,೦೦೦ಕ್ಕೆ ಮಿಕ್ಕಿದ ನಷ್ಟವುಂಟಾಯಿತು. ಕೆಲವು ಮೈಲಿಗಳಾಚೆ ಬೀಡುಬಿಟ್ಟಿದ್ದ ಲ್ಯೂ ವಾಲೇಸನ ದಳಕ್ಕೆ ಬರುವಂತೆ ಆಜ್ಞೆಯು ಹೋಯಿತು. ಆತನು ನದಿಯ ಪಕ್ಕದ ದಾರಿಯನ್ನು ಬಿಟ್ಟು ಬೇರೊಂದು ದಾರಿಯನ್ನು ಹಿಡಿದು, ನಡುವೆ ಹಿಂದಿರುಗಿ, ಮೊದಲನೆಯ ದಿನದ ಕಾಳಗವೆಲ್ಲ ಮುಗಿದ ಮೇಲೆ ತಲಪಿದನು. ಈತನೇ ಮುಂದೆ, ೧೮೮೦ರಲ್ಲಿ, 'ಬೆನ್ ಹರ್' ಎಂಬ ಕಾದಂಬರಿಯಿಂದ ಲೋಕವಿಖ್ಯಾತನಾದವನು. ಆದರೂ ಷೈಲೋವಿನ ಅಪಕೀರ್ತಿಯು ಬೆನ್ನುಬಿಡಲಿಲ್ಲ. ಗ್ರಾಂಟನು ಅಧ್ಯಾಯದ ಮೂಲದಲ್ಲಿ ಈ ವಿಳಂಬದ ದೋಷವನ್ನು ವಾಲೇಸನ ಮೇಲೆಯೇ ಹೊರಿಸಿರುವನು.

ಅಧ್ಯಾಯವು ಬರೆದಾದ ಮೇಲೆ ಒಂದು ಪತ್ರವು ಅವನ ಕೈಗೆ ಬಂದಿತು. ಅದೇ ಯುದ್ಧದಲ್ಲಿ ಪ್ರಾಣಾಂತಿಕವಾಗಿ ಗಾಯಗೊಂಡ, ವಾಲೇಸನೆಂಬ ಹೆಸರಿನ ಮತ್ತೊಬ್ಬ ಸೇನಾನಿಯ ವಿಧವೆಯು ಅದನ್ನು ಕಳುಹಿಸಿದ್ದಳು. ಯುದ್ಧದ ಹಿಂದಿನ ದಿನ ಲ್ಯೂ ವಾಲೇಸನು ಆಕೆಯ ಪತಿಗೆ ಬರೆದ ಪತ್ರವದು. ತಮ್ಮ ಬೀಡುಗಳ ನಡುವಣ ದಾರಿಯಲ್ಲಿ ಅಶ್ವದಳದ ಸಂಚಾರವನ್ನೇರ್ಪಡಿಸಿ ಈರ್ವರೂ ಸಂಪರ್ಕವನ್ನಿಟ್ಟುಕೊಂಡಿದ್ದರೆಂಬುದು ಅದರಿಂದ ವ್ಯಕ್ತವಾಗುತ್ತಿತ್ತು. ಅಂದಮೇಲೆ ಆತನು ಹಿಡಿದ ದಾರಿಯು ಅಕಾರಣವಾದುದಲ್ಲ. ಗ್ರಾಂಟನು ಇದನ್ನು ಟಿಪ್ಪಣಿಯಾಗಿ ಸೇರಿಸಿ, ತಾನು ವಾಲೇಸನ ವಿಷಯದಲ್ಲಿ ಹೇಳಿದುದು ಇದರಿಂದ ಬಹುವಾಗಿ ಮಾರ್ಪಡುವುದೆಂದು ಒಪ್ಪಿಕೊಂಡನು. ತನ್ನ ಆಜ್ಞೆಯು ಬಾಯಿಮಾತಿನದು, ಮತ್ತೊಬ್ಬ ಅಧಿಕಾರಿಯ ಮೂಲಕ ಹೋದುದು; ಆದುದರಿಂದ ವಾಲೇಸನಿಗೆ ಮುಟ್ಟಿದ ಆಜ್ಞೆಯು ಯಾವ ರೂಪದ್ದೆಂದು ಹೇಳಲು ತಾನು ಅರ್ಹನಲ್ಲ ಎಂದೂ ಬರೆದನು. ಪ್ರತ್ಯಕ್ಷಜ್ಞಾನದ ಎಲ್ಲೆಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿಕೊಂಡ ಸೇನಾನಿಗಳು ವಿರಳ.

ಶೆರ್ಮನ್ನನೂ ತಾನು ಸಾಕ್ಷಿ ಮಾತ್ರವೆಂದು ಹೇಳಿಕೊಂಡಿರುವನು. ಬಾಯಿಂಟನ್ ಎಂಬ ಪತ್ರಿಕಾಲೇಖಕನು ೧೮೭೫ರಲ್ಲಿಯೇ ಸರಕಾರದ ದಾಖಲೆಗಳನ್ನು ಮುಂದಿಟ್ಟು ಅವನ ಗ್ರಂಥವನ್ನು ಖಂಡಿಸಿದನು. ಶೆರ್ಮನ್ನನು ಎರಡನೆಯ ಮುದ್ರಣದಲ್ಲಿ ಅನ್ಯರ ಪತ್ರಗಳನ್ನು ಅನುಬಂಧವಾಗಿ ಸೇರಿಸಿದನಾದರೂ, ಒಪ್ಪದವರು ತಮ್ಮ ವೃತ್ತಾಂತವನ್ನು ತಾವೇ ಬರೆದುಕೊಳ್ಳಲೆಂಬುದು ಅವನ ಭಾವ. ಪೂರ್ವಪಕ್ಷಕ್ಕೆ ಎಡೆಗೊಡುವುದು ಬೇರೆ, ಅದಕ್ಕೆ ಸೋಲುವುದು ಬೇರೆ.

ಗ್ರಾಂಟನ ಟಿಪ್ಪಣಿಯಲ್ಲಿಯೂ ಒಂದು ಕೊರತೆಯುಂಟು. ಮೂಲದ ವಾಕ್ಯಗಳನ್ನು ತಿದ್ದಲಿಲ್ಲ. ಟೀಕೆಯನ್ನು ಬಿಟ್ಟು ಮೂಲವನ್ನೇ ಓಡಿಸಿಕೊಂಡು ಹೋಗುವ ವಿದ್ಯಾರ್ಥಿಗಳು ಯಾವ ದೇಶದಲ್ಲಿಲ್ಲ? ಅಂಥ ಓದುಗನಿಗೆ ವಾಲೇಸನು ಅಪರಾಧಿಯಾಗಿಯೇ ಉಳಿಯುವನು.

ಇದೇ ಸಂಯಮವು ೧೮೬೫ನೆಯ ಏಪ್ರಿಲ್ ೯ರಂದು ಆಪೊಮ್ಯಾಟಕ್ಸಿನಲ್ಲಿ ಲೀ ಸೇನಾಪತಿಯು ಶರಣಾದ ಪ್ರಕರಣದಲ್ಲಿಯೂ ಕಾಣುವುದು. ಲೀಯ ಹೊಸ ಉಡುಪು, ಬೆಲೆಯುಳ್ಳ ಕತ್ತಿ, ತನ್ನ ಸಾಮಾನ್ಯ ಸಿಪಾಯಿಯ ಅಂಗಿ ಇವನ್ನು ಗ್ರಾಂಟನು ಕಂಡಂತೆ ಹೇಳುವನು. ತಾನು ಖಿನ್ನನಾದೆನೆಂದು ಹೇಳುವನು. ಲೀಯ ಮನಸ್ಸಿನಲ್ಲಿ ಏನಿತ್ತೆಂಬುದು ತನಗೆ ತಿಳಿಯದೆಂದು ಬಿಟ್ಟುಬಿಡುವನು. ಸಾಮಾನ್ಯ ಚರಿತ್ರಕಾರನಾಗಿದ್ದರೆ ಅಲ್ಲಿ ಒಂದು ಪುಟದಷ್ಟು ಕಣ್ಣೀರು ಹರಿಯುತ್ತಿತ್ತು.

ಆಪ್ತಲಕ್ಷಣದ ಎರಡನೆಯ ಅಂಶಕ್ಕೆ ಬಂದಾಗ ಮಾತ್ರ ಗ್ರಂಥವು ಎಡವುವುದು. ೧೮೬೨ನೆಯ ಡಿಸೆಂಬರ್ ೧೭ರಂದು ತನ್ನ ಅಧೀನದಲ್ಲಿದ್ದ ಪ್ರಾಂತದಿಂದ ಯೆಹೂದ್ಯರನ್ನೆಲ್ಲ ಹೊರಗಟ್ಟಬೇಕೆಂದು ಗ್ರಾಂಟನು ಹೊರಡಿಸಿದ ಆಜ್ಞೆಯನ್ನು, ಮರುತಿಂಗಳಲ್ಲಿಯೇ ಲಿಂಕನ್ನನು ಅದನ್ನು ರದ್ದುಗೊಳಿಸಿದುದನ್ನು, ಈ ಎರಡು ಸಂಪುಟಗಳಲ್ಲಿ ಎಷ್ಟು ಹುಡುಕಿದರೂ ಕಾಣಲಾಗದು. ಅರಿತಿದ್ದೂ ಅರುಹದ ಮೌನವಿದು.

ಕೋಲ್ಡ್ ಹಾರ್ಬರಿನ ಪ್ರಕರಣವು ಇನ್ನೂ ಸೂಕ್ಷ್ಮವಾದುದು. ೧೮೬೪ನೆಯ ಜೂನ್ ೩ರ ಆ ಕಡೆಯ ಆಕ್ರಮಣಕ್ಕಾಗಿ ತಾನು ಸದಾ ಪಶ್ಚಾತ್ತಾಪಪಟ್ಟಿರುವುದಾಗಿ ಆತನು ಬರೆದಿರುವನು. ಪ್ರಶಂಸೆಗೆ ಅರ್ಹವಾದ ಮಾತು. ಬಳಿಕ ಎರಡು ಸೈನ್ಯಗಳ ನಡುವೆ ಬಿದ್ದಿದ್ದ ಗಾಯಾಳುಗಳನ್ನು ಎತ್ತಿಕೊಳ್ಳುವ ವಿಷಯವಾಗಿ ಲೀಯೊಡನೆ ನಡೆದ ಪತ್ರವ್ಯವಹಾರವನ್ನು ಅಚ್ಚುಮಾಡಿಸಿ, ಅಷ್ಟರಲ್ಲಿ ಇಬ್ಬರ ಹೊರತು ಮಿಕ್ಕವರೆಲ್ಲರೂ ಸತ್ತಿದ್ದರೆಂದು ಹೇಳುವನು. ಓದುವವನಿಗೆ ತಡವೆಲ್ಲ ಲೀಯದೆಂದು ತೋರುವುದು. ಆದರೆ ಗ್ರಾಂಟನು ಬರೆದ ಮೊದಲನೆಯ ಪತ್ರದ ತಲೆಯಲ್ಲಿಯೇ ದಿನಾಂಕವಿದೆ: ಜೂನ್ ೫. ನಡುವಣ ಎರಡು ದಿನಗಳಿಗೆ ಗ್ರಂಥದಲ್ಲಿ ಟಿಪ್ಪಣಿಯಿಲ್ಲ.